ತೊಟ್ಟಿಲಿನಿಂದ ಕೌದಿಗೆ



ನಮ್ಮ ಧಾರವಾಡದ ಸೀಮೆಯಲ್ಲಿ ಕೂಸು ಎಂದೊಡನೆ ಕಲಘಟಗಿಯ ತೊಟ್ಟಿಲು ನೆನಪಾಗುವುದು. ಅರಗಿನ ಬಣ್ಣದಿಂದ ಹೊಳೆಯುವ, ರಾಮಾಯಣ ಮಹಾಭಾರತಗಳ ಚಿತ್ರಗಳುಳ್ಳ ಆ ತೊಟ್ಟಿಲು ನಮ್ಮ ಹೆಮ್ಮೆಯ ವಸ್ತು. ಆದರೆ 6 ತಿಂಗಳು ತುಂಬಿದ ಶಿಶುವಿಗೆ ಎಚ್ಚರವಿರುವ ಹೊತ್ತಿನಲ್ಲಿ ಬೇಕಾದುದು ತೊಟ್ಟಿಲಲ್ಲ, ನೆಲ. ನೆಲದ ಮೇಲೆ ಹಾಸಿದ ಒಂದು ಕೌದಿ. ಇದನ್ನೇ ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ಅಜ್ಜಿಯು ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿದ ಕೌದಿಯು ಕೂಸಿಗೆ ಒಳ್ಳೆಯ ಪಾಠಶಾಲೆ. ಇಳಕಲ್ ಸೀರೆಯ ನುಣುಪು, ಹತ್ತಿಯ ತುಂಡಿನ ಒರಟು, ಇವುಗಳ ಭೇದವನ್ನು ಬೆರಳು ತಾನೇ ಕಲಿಯುವುದು. ಕೂಸನ್ನು ಬೋರಲು ಮಲಗಿಸಿ, ಕೈಗೆ ತುಸುವೇ ಎಟುಕದಂತೆ ಗಿಲಕಿಯನ್ನಿಡಿರಿ. ಅದನ್ನು ಹಿಡಿಯುವ ಹವಣಿಕೆಯಲ್ಲಿ ಕತ್ತು, ತೋಳು, ಬೆನ್ನು ಬಲಗೊಳ್ಳುವುವು. ಕೊನೆಗೆ ಗಿಲಕಿಯು ಕೈಸೇರಲಿ. ಬರಿಯ ಸೋಲೇ ಆದರೆ ಆಟವು ಅಳುವಾದೀತು.

ಇನ್ನೊಂದು ಆಟ ಸೆರಗಿನದು. ಕೂಸಿನ ಕಣ್ಣೆದುರಿನಲ್ಲಿಯೇ ಬಟ್ಟಲೊಂದನ್ನು ಸೆರಗಿನಡಿ ಅಡಗಿಸಿರಿ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯವರು ತಮ್ಮ ಮೂವರು ಮಕ್ಕಳ ಆಟವನ್ನು ನೋಡಿ, ಸುಮಾರು 8 ತಿಂಗಳಿನಿಂದ ಕೂಸು ಮರೆಯಾದುದನ್ನು ಹುಡುಕತೊಡಗುವುದೆಂದು ಬರೆದಿಟ್ಟರು. ತಾಯಿಯು ತನ್ನ ಮುಖವನ್ನೇ ಮರೆಮಾಡಿ ಮತ್ತೆ ತೋರಿದರೆ, ಮರೆಯಾದವಳು ಮರಳಿ ಬರುವಳೆಂಬ ಧೈರ್ಯವು ಕೂಸಿಗೆ ಬರುವುದು.

ಕೆಲಸದ ನಡುವೆ ಇದಕ್ಕೆಲ್ಲ ಪುರಸೊತ್ತೆಲ್ಲಿ ಎನ್ನುವಿರೇನು? ತಾಯಿ ರೊಟ್ಟಿ ಬಡಿಯುವಾಗ, ಒಲೆಯಿಂದ ದೂರದಲ್ಲಿ, ಕಣ್ಣಳತೆಯೊಳಗೆ ಕೂಸನ್ನು ಕೂಡ್ರಿಸಿ ಒಂದು ಬಟ್ಟಲು, ಒಂದು ಮರದ ಸೌಟು ಕೊಡಿರಿ. ರೊಟ್ಟಿಯ ಸಪ್ಪಳಕ್ಕೆ ಅದು ಬಟ್ಟಲಿನ ಸಪ್ಪಳದಿಂದ ಉತ್ತರ ಕೊಡುವುದು. ಅದು “ಬಾ ಬಾ” ಎಂದರೆ ನೀವೂ “ಬಾ ಬಾ” ಎನ್ನಿರಿ. ಸಂಭಾಷಣೆಯ ಮೊದಲ ಪಾಠವದು.

ಈ ಉತ್ತರವನ್ನು ಮೊಬೈಲಿನ ಪರದೆಯು ಕೊಡಲಾರದು. ಒಂದು ವರ್ಷದೊಳಗಿನ ಶಿಶುವಿಗೆ ಪರದೆ ಬೇಡವೆಂದೂ, ಅದನ್ನು ಒಮ್ಮೆಗೆ 1 ತಾಸಿಗಿಂತ ಹೆಚ್ಚು ಅಲುಗಾಡದಂತೆ ಕಟ್ಟಿಡಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದೆ.

ಎರಡು ಎಚ್ಚರಿಕೆಗಳುಂಟು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ಕಾಲವಿದು. ಶೇಂಗಾಕಾಳು, ಹುಣಸೆಬೀಜ, ನಾಣ್ಯ, ಗುಂಡಿ ಇವು ಶ್ವಾಸನಾಳಕ್ಕೆ ಸಿಕ್ಕಿ ಪ್ರಾಣಕ್ಕೆ ಎರವಾಗಬಲ್ಲವು. ಕೌದಿ ಹಾಸುವ ಮೊದಲು ನೆಲವನ್ನು ಕೈಯಿಂದ ಸವರಿ ನೋಡಿರಿ. ಎರಡನೆಯದಾಗಿ, 9 ತಿಂಗಳು ತುಂಬಿದರೂ ಕೂಸು ಆಸರೆಯಿಲ್ಲದೆ ಕೂಡ್ರದಿದ್ದರೆ, ಹೆಸರು ಕರೆದರೂ ಹೊರಳಿ ನೋಡದಿದ್ದರೆ, ತಾಯಿಯನ್ನು ದೂರದೆ, ತಡಮಾಡದೆ ವೈದ್ಯರಿಗೆ ತೋರಿಸಿರಿ.

ಕೊನೆಯದಾಗಿ ತಂದೆಯರಿಗೊಂದು ಬಿನ್ನಹ. ಸಂಜೆ ಮನೆಗೆ ಬಂದವರು ಕೈಕಾಲು ತೊಳೆದು, ಅರ್ಧ ತಾಸು ಆ ಕೌದಿಯ ಮೇಲೆ ಕುಳಿತುಕೊಳ್ಳಿರಿ. ಕೂಸು ನೂರು ಸಲ ಸೌಟನ್ನು ಬೀಳಿಸೀತು. ನೂರು ಸಲವೂ ಎತ್ತಿಕೊಡಿರಿ.