ಬಿರುಕಿಗೆ ಬಣ್ಣ ಬಳಿಯುವ ಮುನ್ನ
(ಬಳ್ಳಾರಿಯ ಮಾಸಿಕ ಗೋಷ್ಠಿಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಸರಕಾರದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಕೈಗೆ ಬಂದ ಹಣದಲ್ಲಿ ಬಳ್ಳಾರಿಯಲ್ಲೇ ಒಂದು ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ ಮಾರಲು ಹೊರಟೆ. ಮನೆಯ ವಿಷಯ ನನಗೆ ಗೊತ್ತಿಲ್ಲದ್ದೇನಿದೆ ಎಂಬ ಅಹಂಕಾರವಿತ್ತು. ಅದಕ್ಕೆ ಕೊಟ್ಟ ಬೆಲೆಯನ್ನು ಇಂದು ಹೇಳುತ್ತೇನೆ.

ಮನೆ ನೋಡಿದ್ದು ಮಳೆಗಾಲದ ಕೊನೆಗೆ. ಗೋಡೆಗೆ ಹೊಸ ಬಣ್ಣ ಬಿದ್ದಿತ್ತು. ಋಣಭಾರ ಪತ್ರ, ಖಾತಾ, ಕಂದಾಯ ರಸೀದಿ ಎಲ್ಲ ಸರಿಯಾಗಿ ನೋಡಿದೆ, ನೆಲ ನೋಡಲಿಲ್ಲ. ನಮ್ಮ ಊರಲ್ಲಿ ಗುಡ್ಡದ ಬುಡಕ್ಕೆ ಬಂಡೆ ಸಿಕ್ಕರೆ, ಆಚೆಗೆ ಎರೆ ಮಣ್ಣು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್ ಬಂತು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಾಯಿಬಿಟ್ಟಿತು.

ದಲ್ಲಾಳಿ ಹೇಳಿದ: "ಸಾಹೇಬ್ರ, ಪುಟ್ಟಿ ಹಚ್ಚಿ ಬಣ್ಣ ಹೊಡಸ್ರಿ. ಮಳಿಗಾಲದಾಗ ತೋರ್ಸಿದ್ರ ಯಾರಿಗೂ ಕಾಣಂಗಿಲ್ಲ." ನಿಜ ಹೇಳುತ್ತೇನೆ, ನಾನು ಎರಡು ದಿನ ಆ ಮಾತನ್ನೇ ಲೆಕ್ಕ ಹಾಕಿದೆ. ಆಗ ಮನೆಯವಳು ಕೇಳಿದಳು: "ನಿಮಗೂ ಹಿಂಗ ಮುಚ್ಚೇ ಕೊಟ್ಟಾರ. ಈಗ ನೀವೂ ಮುಚ್ಚೇ ಕೊಡ್ತೀರೇನ್ರಿ?" ಉತ್ತರ ನನ್ನ ಹತ್ತಿರ ಇರಲಿಲ್ಲ.

ಸಿರುಗುಪ್ಪದಿಂದ ಒಬ್ಬ ಗೌಂಡಿಯನ್ನು ಕರೆಸಿದೆ. ಬತ್ತದ ಗದ್ದೆಯ ಸೀಮೆಯವನು, ಗೋಡೆಗೆ ತೇವ ಏರುವುದನ್ನು ಕಂಡವನು. "ಮೊದ್ಲು ನೀರು ಎಲ್ಲಿಂದ ಬರ್ತೈತಿ ನೋಡ್ರಿ, ಆಮ್ಯಾಲೆ ಸಿಮೆಂಟು" ಅಂದ. ಅಗೆದು ನೋಡಿದರೆ ಬಚ್ಚಲಿನ ಪೈಪು ಸೋರಿ ಆ ಒಂದು ಮೂಲೆಯ ಮಣ್ಣು ಮಾತ್ರ ನೆನೆಯುತ್ತಿತ್ತು. ಪದವಿ ಇದ್ದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಪೈಪು ಬದಲಿಸಿದೆವು. ಮಳೆನೀರು ತಳಪಾಯಕ್ಕೆ ಇಳಿಯದಂತೆ ಸುತ್ತ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿ, ವಾರಕ್ಕೂ ಹೆಚ್ಚು ದಿನ ನೀರು ಉಣಿಸಿದೆವು. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು, ಒಂದು ಮಳೆಗಾಲ ಒಂದು ಬೇಸಿಗೆ ಕಾದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಡೆಯಲಿಲ್ಲ. ಆಮೇಲೆ ಬಿರುಕು ತುಂಬಿಸಿದೆ.

ಮನೆ ನೋಡಲು ಬಂದವರಲ್ಲಿ ಬಾಗಿಲು ಯಾವ ದಿಕ್ಕಿಗೆ ಎಂದು ಕೇಳಿದವರು ಬಹಳ. ತಳಪಾಯ ಯಾವ ಮಣ್ಣಿನಲ್ಲಿದೆ ಎಂದು ಕೇಳಿದವರು ಒಬ್ಬರೂ ಇಲ್ಲ. ಕೊನೆಗೆ ಕುರುಗೋಡಿನ ಒಬ್ಬ ಮಾಸ್ತರರು ಮಕ್ಕಳ ಓದಿಗೆಂದು ಬಂದರು. ಅವರೂ ಕೇಳಲಿಲ್ಲ. ನಾನೇ ಬಿರುಕು ಎಲ್ಲಿತ್ತು, ಏನು ಮಾಡಿದೆ, ಮುಂದೆ ಏನು ನೋಡಿಕೊಳ್ಳಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅವರು ಬೆಲೆ ಇಳಿಸಿ ಕೇಳಿದರು. ಕೊಟ್ಟೆ.

ಲಾಭವೆಷ್ಟು? ಕೊಂಡ ಬೆಲೆ, ರಿಪೇರಿ ಖರ್ಚು ಎರಡನ್ನೇ ನಾನು ಮೊದಲು ಬರೆದಿದ್ದೆ. ಮುದ್ರಾಂಕ, ನೋಂದಣಿ, ದಲ್ಲಾಳಿ, ಖಾಲಿ ಬಿದ್ದ ತಿಂಗಳುಗಳ ಬಡ್ಡಿ ಮರೆತಿದ್ದೆ. 24 ತಿಂಗಳೊಳಗೆ ಮಾರಿದರೆ ಲಾಭ ಆ ವರ್ಷದ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ, ಅದನ್ನೂ ಎಣಿಸಿರಲಿಲ್ಲ. ಎಲ್ಲ ಕಳೆದರೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದುದಕ್ಕಿಂತ ಕಡಿಮೆ ಉಳಿಯಿತು.

ಮನೆ ಕೊಂಡು ಮಾರುವುದು ತಪ್ಪಲ್ಲ ಬಂಧುಗಳೇ. ಪಾಳು ಬಿದ್ದದ್ದನ್ನು ವಾಸಕ್ಕೆ ಯೋಗ್ಯ ಮಾಡುವುದೂ ಕಾಯಕವೇ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಲಾಭ ನಾನು ಮಾಡಿದ ಕೆಲಸದಿಂದ ಬಂತೋ, ಮುಚ್ಚಿಟ್ಟಿದ್ದರಿಂದ ಬಂತೋ? ಮೊದಲನೆಯದು ಕಾಯಕ. ಎರಡನೆಯದನ್ನು ನಾವು ಬೇರೆ ಹೆಸರಿನಿಂದ ಕರೆಯುತ್ತೇವೆ.

ನೀವು ಮನೆ ಕೊಳ್ಳುವುದಿದ್ದರೆ ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೋಡಿರಿ. ಮಾರುವುದಿದ್ದರೆ, ಕೇಳದಿದ್ದರೂ ಹೇಳಿರಿ. ಮಾಸ್ತರರು ಈಗಲೂ ಸಿಕ್ಕಾಗ "ಗಾಜು ಇನ್ನೂ ಒಡದಿಲ್ರಿ" ಅನ್ನುತ್ತಾರೆ. ಆ ಮಾತು ಕೇಳಿದ ದಿನ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.