ಶುಗರ್ ಬಂದಿದ್ದು ‘ಪೀಸ್’ನಲ್ಲಿ, ಹಾಗಾಗಿ ಪೆನ್ಷನ್ ಇಲ್ಲ!

ಇವತ್ತಿನ ವಿಷಯ ಸ್ವಲ್ಪ ಒಣ ಅನ್ನಿಸಬಹುದು: ಸೈನ್ಯದಲ್ಲಿದ್ದವರಿಗೆ ಸಕ್ಕರೆ ಕಾಯಿಲೆ ಬಂದರೆ ಸಿಗಬೇಕಾದ ಡಿಸೆಬಿಲಿಟಿ ಪೆನ್ಷನ್. ಆದರೆ ಕೊಡಗಿನಲ್ಲಿ, ಬೆಳಗಾವಿ ಕಡೆ, ಬೆಂಗಳೂರಿನಲ್ಲಿ ಇದನ್ನು ಕೇಳ್ತಿರೋರಲ್ಲಿ ಎಷ್ಟೋ ಜನರ ಮನೇಲಿ ಒಬ್ಬ ಮಾಜಿ ಸೈನಿಕ ಇದ್ದಾರೆ. ಅವರ ಟ್ರಂಕಿನಲ್ಲಿ ಒಂದು ಹಳೇ ಫೈಲೂ ಇರುತ್ತೆ. ಎಪಿಸೋಡ್ ಮುಗಿದ ಮೇಲೆ ಆ ಫೈಲ್ ಒಮ್ಮೆ ತೆಗೀರಿ.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತೆ ನೋಡೋಣ. ಸೈನಿಕ ನಿವೃತ್ತಿ ಆಗುವಾಗ ಕಾಯಿಲೆ ಇದ್ದರೆ ರಿಲೀಸ್ ಮೆಡಿಕಲ್ ಬೋರ್ಡ್ ಕೂರುತ್ತೆ. ಅಲ್ಲಿ ಡಾಕ್ಟರುಗಳು ಎರಡು ವಿಷಯ ತೀರ್ಮಾನ ಮಾಡ್ತಾರೆ. ಒಂದು, ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅನ್ನೋದು. ಇನ್ನೊಂದು, ಈ ಕಾಯಿಲೆ ಸೇವೆಯಿಂದ ಬಂತಾ, ಸೇವೆಯಿಂದ ಹೆಚ್ಚಾಯ್ತಾ, ಅಥವಾ ಎರಡೂ ಅಲ್ವಾ ಅನ್ನೋದು. ‘ಎರಡೂ ಅಲ್ಲ’ ಅಂತ ಬರೆದರೆ ಮಾಮೂಲಿ ಸರ್ವಿಸ್ ಪೆನ್ಷನ್ ಬರುತ್ತೆ, ಡಿಸೆಬಿಲಿಟಿ ಭಾಗ ಬರಲ್ಲ. ಪರ್ಸೆಂಟ್ 20ಕ್ಕಿಂತ ಕಡಿಮೆ ಇದ್ದರೂ ಅಷ್ಟೇ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕ ಹಾಕದೆ ಇರೋಕಾಗಲ್ಲ. ಬಹುಪಾಲು ನಿವೃತ್ತರಿಗೆ ಅನ್ವಯಿಸೋ ಸೂತ್ರದಲ್ಲಿ 100% ವೈಕಲ್ಯಕ್ಕೆ ಕೊನೆಯ ಪೇಯ 30% ಡಿಸೆಬಿಲಿಟಿ ಎಲಿಮೆಂಟ್ ಆಗಿ ಸಿಗುತ್ತೆ. ಕೊನೆಯ ಪೇ 50,000 ರೂಪಾಯಿ ಇತ್ತು ಅಂದ್ಕೊಳ್ಳಿ. 100%ಗೆ 15,000. 20%ಗೆ ತಿಂಗಳಿಗೆ 3,000. ಇದರ ಮೇಲೆ ‘ರೌಂಡಿಂಗ್ ಆಫ್’ ಅಂತ ಒಂದಿದೆ: 50ಕ್ಕಿಂತ ಕಡಿಮೆ ಇದ್ದರೆ 50 ಅಂತಲೇ ಎಣಿಸಬೇಕು. ಆಗ ಅದೇ 20% ಇರೋ ಮನುಷ್ಯನಿಗೆ 7,500 ಬರುತ್ತೆ, ಜೊತೆಗೆ ತುಟ್ಟಿಭತ್ಯೆ. ಮೊದಲು ಈ ರೌಂಡಿಂಗ್ ಅವಧಿಗೆ ಮುಂಚೆ ವೈದ್ಯಕೀಯ ಕಾರಣಕ್ಕೆ ಹೊರಬಂದವರಿಗೆ ಮಾತ್ರ ಅಂತ ಸರ್ಕಾರ ಹಟ ಹಿಡಿದಿತ್ತು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೂರ್ತಿ ಸೇವೆ ಮುಗಿಸಿ ನಿವೃತ್ತರಾದವರಿಗೂ ಕೊಡಿ ಅಂತ ಹೇಳ್ತು. ಇನ್ಸುಲಿನ್, ಸ್ಟ್ರಿಪ್, ಮೂರು ತಿಂಗಳಿಗೊಮ್ಮೆ ಟೆಸ್ಟ್ ಅಂತ ಓಡಾಡೋ ಮನೆಗೆ ತಿಂಗಳಿಗೆ 7,500 ಸಣ್ಣ ಮೊತ್ತ ಅಲ್ಲ.

ಈಗ ಅಸಲಿ ಸಮಸ್ಯೆಗೆ ಬರೋಣ. ಗುಂಡು ತಗುಲಿದರೆ ತಾರೀಖು ಇರುತ್ತೆ, ಜಾಗ ಇರುತ್ತೆ. ಟೈಪ್ 2 ಡಯಾಬಿಟಿಸ್‌ಗೆ ಅದಿಲ್ಲ. ಅದು ವರ್ಷಗಟ್ಟಲೆ ಒಳಗೊಳಗೇ ಬೆಳೀತಾ ಇರುತ್ತೆ, ಒಂದು ದಿನ ರಕ್ತಪರೀಕ್ಷೆಯಲ್ಲಿ ಕಾಣಿಸುತ್ತೆ. ಆದರೆ ಫೈಲಿಗೆ ಒಂದು ತಾರೀಖು, ಒಂದು ಊರು ಬೇಕು. ಅದಕ್ಕೇ ಕಾಯಿಲೆ ಪತ್ತೆಯಾದ ದಿನವನ್ನೇ ಬಂದ ದಿನ ಅಂತ ಬರೀತಾರೆ.

ಮಿಲಿಟರಿ ಡಾಕ್ಟರುಗಳ ಮಾರ್ಗದರ್ಶಿ ಪುಸ್ತಕದಲ್ಲಿ ಟೈಪ್ 2 ಡಯಾಬಿಟಿಸ್ ಜೀವನಶೈಲಿಯ ಕಾಯಿಲೆ ಅಂತಿದೆ. ಒತ್ತಡ, ಸರಿಯಿಲ್ಲದ ಊಟ ಇದನ್ನು ತರಬಹುದು, ಕಂಟ್ರೋಲ್ ತಪ್ಪಿಸಬಹುದು ಅಂತಲೂ ಅದೇ ಪುಸ್ತಕ ಒಪ್ಪಿಕೊಳ್ಳುತ್ತೆ. ಆಮೇಲೆ ಒಂದು ಗೆರೆ ಎಳೆಯುತ್ತೆ: ಫೀಲ್ಡ್‌ನಲ್ಲಿ, ಬಂಡುಕೋರರ ವಿರುದ್ಧದ ಕಾರ್ಯಾಚರಣೆಯಲ್ಲಿ, ಎತ್ತರದ ಪ್ರದೇಶದಲ್ಲಿ, ಅಥವಾ ದೀರ್ಘಕಾಲ ಹಡಗಿನಲ್ಲಿ ಇದ್ದಾಗ ಬಂದರೆ ‘ಸೇವೆಯಿಂದ ಹೆಚ್ಚಾಯ್ತು’ ಅಂತ ಒಪ್ಪಬಹುದು. ಗೆರೆಯ ಈಚೆ ಇರೋದು ಪೀಸ್ ಸ್ಟೇಷನ್, ಅಂದರೆ ಶಾಂತಿ ನೆಲೆ. ಅಲ್ಲಿ ಶುಗರ್ ಕಾಣಿಸಿಕೊಂಡರೆ ಬೋರ್ಡ್ ಸುಮ್ಮನೆ ‘ಪೀಸ್‌ನಲ್ಲಿ ಬಂದದ್ದು, ಸಂಬಂಧ ಇಲ್ಲ’ ಅಂತ ಬರೆದು ಕೈ ತೊಳ್ಕೊಳ್ಳುತ್ತೆ.

ನಮ್ಮ ಕೇಳುಗರೊಬ್ಬರು ಕಳಿಸಿದ ವಾಯ್ಸ್ ನೋಟ್‌ನಿಂದಲೇ ನಾನು ಈ ವಿಷಯಕ್ಕೆ ಬಿದ್ದೆ. ಹೆಸರು, ಊರು ಹೇಳಲ್ಲ. ಅವರ ತಂದೆ ವರ್ಷಗಟ್ಟಲೆ ಗಡಿಯಲ್ಲಿದ್ದು ಕೊನೆಗೆ ಒಂದು ಕಂಟೋನ್ಮೆಂಟ್‌ಗೆ ಬಂದರು. ಬಂದು ಕೆಲವೇ ತಿಂಗಳಿಗೆ ಶುಗರ್ ಪತ್ತೆ ಆಯ್ತು. ಕ್ಲೇಮ್ ತಿರಸ್ಕಾರ, ಕಾರಣ ಪೀಸ್. ಮಗಳು ಕೇಳಿದ್ದು ಒಂದೇ ಪ್ರಶ್ನೆ: ‘ಟ್ರೇನ್ ಇಳಿದ ಮೇಲೆ ಬಂತಾ ಅಣ್ಣ ಶುಗರ್ರು?’

ಈ ಗೆರೆಯ ಹುಚ್ಚು ನಮಗೆ ಮಾತ್ರ ಅಲ್ಲ. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋದವರಿಗೆ ಏಜೆಂಟ್ ಆರೆಂಜ್ ಅನ್ನೋ ಕಳೆನಾಶಕದ ಕಾರಣಕ್ಕೆ ಟೈಪ್ 2 ಡಯಾಬಿಟಿಸ್ ಬಂತು ಅಂತ 2001ರಿಂದ ಸರ್ಕಾರವೇ ಊಹಿಸಿಕೊಳ್ಳುತ್ತೆ. ಅವರು ಅಲ್ಲಿದ್ದರು, ಈಗ ಶುಗರ್ ಇದೆ, ಅಷ್ಟು ಸಾಕು. ತುಂಬಾ ಉದಾರ ಅಲ್ವಾ? ಆದರೆ ‘ಅಲ್ಲಿ’ ಅಂದರೆ ನೆಲದ ಮೇಲೆ ಕಾಲಿಟ್ಟಿರಬೇಕು ಅಂತ ಇಲಾಖೆ ಅರ್ಥ ಮಾಡ್ತು. ಕರಾವಳಿಯಾಚೆ ಹಡಗಿನಲ್ಲಿದ್ದ ನಾವಿಕರಿಗೆ ಇಲ್ಲ. 2008ರಲ್ಲಿ ಕೋರ್ಟೂ ಇಲಾಖೆಯ ಪರ ನಿಂತಿತು. 1966ರಲ್ಲಿ ಇಂಟ್ರೆಪಿಡ್ ಅನ್ನೋ ವಿಮಾನವಾಹಕ ಹಡಗಿನಲ್ಲಿದ್ದ ಆಲ್ಫ್ರೆಡ್ ಪ್ರೊಕೋಪಿಯೊ ಡಯಾಬಿಟಿಸ್‌ಗೆ ಹಾಕಿದ ಕ್ಲೇಮ್ ಹತ್ತು ವರ್ಷಕ್ಕೂ ಹೆಚ್ಚು ಅಲೆದಾಡಿ, 2019ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಒಪ್ಪಿತು. ತೀರದಿಂದ 12 ನಾಟಿಕಲ್ ಮೈಲಿವರೆಗಿನ ಸಮುದ್ರವೂ ವಿಯೆಟ್ನಾಂ ದೇಶವೇ, ಅಲ್ಲಿದ್ದವರೂ ವಿಯೆಟ್ನಾಂನಲ್ಲಿ ಸೇವೆ ಮಾಡಿದವರೇ ಅಂತ. ಅದೇ ವರ್ಷ ಕಾನೂನೂ ಬಂತು. ಅವರ ಗೆರೆ ಸಮುದ್ರತೀರದಲ್ಲಿತ್ತು, ನಮ್ಮದು ಪೋಸ್ಟಿಂಗ್ ಆರ್ಡರ್‌ನಲ್ಲಿದೆ.

ನಮ್ಮಲ್ಲಿ ಕೋರ್ಟುಗಳು ಏನು ಹೇಳಿವೆ? ದೊಡ್ಡ ತೀರ್ಪು 2013ರ ಧರ್ಮವೀರ್ ಸಿಂಗ್ ಪ್ರಕರಣದ್ದು. ಅವರದ್ದು ಡಯಾಬಿಟಿಸ್ ಅಲ್ಲ, ಫಿಟ್ಸ್. ಆದರೆ ಸುಪ್ರೀಂ ಕೋರ್ಟ್ ಹೇಳಿದ ಮಾತು ಎಲ್ಲ ಕಾಯಿಲೆಗೂ ಉಪಯೋಗಕ್ಕೆ ಬಂತು: ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ ಅಂದರೆ ಆ ಸೈನಿಕ ಗಟ್ಟಿಮುಟ್ಟಾಗಿದ್ದ ಅಂತಲೇ ಲೆಕ್ಕ. ಆಮೇಲೆ ಆರೋಗ್ಯ ಕೆಟ್ಟರೆ ಅದು ಸೇವೆಯಿಂದಲೇ ಅಂತ ಊಹೆ. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸೈನ್ಯದ್ದು, ಸೈನಿಕನದ್ದಲ್ಲ. ಬೋರ್ಡ್ ಕಾರಣ ಕೊಡಲೇಬೇಕು.

ಶುಗರ್‌ದೇ ಕೇಸ್ ಬೇಕಾ? 2019ರ ನವೆಂಬರ್‌ನಲ್ಲಿ ಕಮಾಂಡರ್ ರಾಕೇಶ್ ಪಾಂಡೆ ಅವರದ್ದು ಬಂತು. ಡಯಾಬಿಟಿಸ್ ಮತ್ತು ಕೊಬ್ಬಿನಂಶದ ತೊಂದರೆ ಸೇರಿ 20%, ಅದೂ 5 ವರ್ಷಕ್ಕೆ ಮಾತ್ರ ಅಂತ ನಿಗದಿಯಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ಜೀವನಪರ್ಯಂತ ಅಂತ ಮಾಡಿ, 50%ಗೆ ರೌಂಡ್ ಮಾಡಿ ಕೊಡಿ ಅಂತು. 5 ವರ್ಷ ಆದ ಮೇಲೆ ಶುಗರ್ ಎಲ್ಲಿಗೆ ಹೋಗುತ್ತೆ ಹೇಳಿ!

ಇನ್ನೂ ನೇರವಾದದ್ದು 2025ರ ಮಾರ್ಚ್‌ನದ್ದು, ದೆಹಲಿ ಹೈಕೋರ್ಟ್. ನಿವೃತ್ತ ಸುಬೇದಾರ್ ಒಬ್ಬರಿಗೆ ಟೈಪ್ 2 ಡಯಾಬಿಟಿಸ್. ಪತ್ತೆಯಾದದ್ದು ಪೀಸ್ ಸ್ಟೇಷನ್‌ನಲ್ಲಿ. ಟ್ರಿಬ್ಯುನಲ್ ಪೆನ್ಷನ್ ಕೊಡಿ ಅಂದಿತ್ತು, ಕೇಂದ್ರ ಸರ್ಕಾರ ಅದನ್ನು ಪ್ರಶ್ನಿಸಿ ಹೋಗಿತ್ತು. ಪೀಸ್‌ನಲ್ಲಿ ಬಂತು ಅನ್ನೋದೊಂದೇ ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅನ್ನೋಕೆ ಆಧಾರ ಆಗಲ್ಲ, ಬೇರೆ ಕಾರಣ ಏನು ಅಂತ ಬೋರ್ಡ್ ಹುಡುಕಿ ಬರೀಬೇಕು ಅಂತ ಹೈಕೋರ್ಟ್ ಹೇಳಿ ಸರ್ಕಾರದ ಅರ್ಜಿ ತಳ್ಳಿಹಾಕಿತು.

ಸರ್ಕಾರದ ಕಡೆಯ ವಾದಾನೂ ಹೇಳಬೇಕು. ಊರಲ್ಲಿ ಅಂಗಡಿ ಇಟ್ಟಿರೋ ನನ್ನ ಮಾವನಿಗೂ ಶುಗರ್ ಇದೆ, ಅವರಿಗೆ ಯಾರು ಪೆನ್ಷನ್ ಕೊಡ್ತಾರೆ? ದೊಡ್ಡ ಹುದ್ದೆಯವರು ನಿವೃತ್ತಿ ಹತ್ತಿರ ಬಂದಾಗ ಬಿಪಿ, ಶುಗರ್ ತೋರಿಸಿ ಅನುಕೂಲ ಪಡೀತಾರೆ ಅನ್ನೋ ಟೀಕೆಯೂ ಇದೆ. ನಿಯಮಗಳು 2008ರಲ್ಲಿ, ಮತ್ತೆ 2023ರ ಸೆಪ್ಟೆಂಬರ್‌ನಲ್ಲಿ ಬಿಗಿಯಾದವು. 1982ರ ಹಳೇ ನಿಯಮಗಳಷ್ಟು ಉದಾರ ಇವಲ್ಲ. ದುರುಪಯೋಗ ತಡೀಬೇಕು, ಒಪ್ತೀನಿ. ಆದರೆ ಅದಕ್ಕೆ ಬೋರ್ಡ್ ಆ ಒಬ್ಬ ಮನುಷ್ಯನ ಇಡೀ ಸೇವೆ ನೋಡಬೇಕು. ಕೊನೇ ಪೋಸ್ಟಿಂಗ್ ಒಂದನ್ನೇ ನೋಡಿ ಸೀಲ್ ಒತ್ತಿದರೆ ಕಳ್ಳನೂ ಸಿಗಲ್ಲ, ಪಾಪದವನಿಗೂ ಸಿಗಲ್ಲ. ಮಾವ ರಾತ್ರಿ ಹತ್ತಕ್ಕೆ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಮುದ್ದೆ ಉಣ್ತಾರೆ. ಬಂಕರ್‌ನಲ್ಲಿ ಇದ್ದವರಿಗೆ ಊಟದ ಹೊತ್ತು ಅವರ ಕೈಯಲ್ಲಿರಲಿಲ್ಲ.

ಸರಿ, ಫೈಲ್ ತೆಗೆದ್ರಾ? ಮೆಡಿಕಲ್ ಬೋರ್ಡ್‌ನ ಪ್ರೊಸೀಡಿಂಗ್ಸ್ ಪ್ರತಿ ಇದೆಯಾ ನೋಡಿ, ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ತರಿಸ್ಕೊಳ್ಳಿ. ಅದರಲ್ಲಿ ಪೋಸ್ಟಿಂಗ್‌ಗಳ ಪಟ್ಟಿ, ಶುಗರ್ ಮೊದಲು ಪತ್ತೆಯಾದ ತಾರೀಖು, ‘ಸಂಬಂಧ ಇಲ್ಲ’ ಅನ್ನೋದಕ್ಕೆ ಕೊಟ್ಟ ಕಾರಣ, ಈ ಮೂರನ್ನು ಅಕ್ಕಪಕ್ಕ ಇಟ್ಟು ಓದಿ. ಪತ್ತೆಯಾಗೋಕೆ ಮುಂಚಿನ ವರ್ಷಗಳು ಫೀಲ್ಡ್‌ನಲ್ಲೋ ಎತ್ತರದಲ್ಲೋ ಕಳೆದಿದ್ದರೆ ಅದೇ ನಿಮ್ಮ ಮೇಲ್ಮನವಿಯ ಮೊದಲ ಪ್ಯಾರಾ. ತಿರಸ್ಕಾರದ ಪತ್ರ ಬಂದ 6 ತಿಂಗಳೊಳಗೆ ಮೊದಲ ಅಪೀಲ್, ಅದೂ ಬಿದ್ದರೆ ಎರಡನೇ ಅಪೀಲ್, ಆಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್.

ತುಂಬಾ ಲೇಟಾಯ್ತು ಅಂತ ಬಿಟ್ಟುಬಿಡಬೇಡಿ. ಪೆನ್ಷನ್ ಪ್ರತಿ ತಿಂಗಳು ತಪ್ಪುತ್ತಾ ಹೋಗೋ ವಿಷಯ ಆದ್ದರಿಂದ ತಡವಾಗಿ ಹೋದವರ ಕೇಸನ್ನೂ ಕೇಳ್ತಾರೆ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಮಾತ್ರ. ನಮ್ಮ 7,500ರ ಲೆಕ್ಕದಲ್ಲಿ, ಅದರಾಚೆ ತಡಮಾಡಿದ ಒಂದೊಂದು ವರ್ಷಕ್ಕೂ 90,000 ರೂಪಾಯಿ ಹೋಯ್ತು ಅಂತ ಅರ್ಥ.

ಕಾಗದ ಬರೆಯೋಕೆ ಸಹಾಯ ಬೇಕಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ. ಆ ವಾಯ್ಸ್ ನೋಟ್ ಕಳಿಸಿದ ಮಗಳು ಮೊನ್ನೆ ಅಪ್ಪನ ಪೋಸ್ಟಿಂಗ್ ಪಟ್ಟಿಯ ಫೋಟೋ ಕಳಿಸಿದ್ದರು. ಕಂಟೋನ್ಮೆಂಟ್‌ನ ಮೇಲಿನ ಸಾಲಿನಲ್ಲೇ ಎರಡೂವರೆ ವರ್ಷ ಲಡಾಖ್ ಅಂತಿದೆ. ಅಪೀಲ್ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಗಿದೆ, ಅಕ್ನಾಲೆಜ್ಮೆಂಟ್ ಕಾರ್ಡ್ ಇನ್ನೂ ವಾಪಸ್ ಬಂದಿಲ್ಲ.