ಅಂಜದೀವದ ಕಥೆ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾರವಾರದ ಕಡಲಲ್ಲಿ ಕೂರ್ಮಗಡ, ದೇವಗಡ, ಅಂಜದೀವ ಮೊದಲಾದ ನಡುಗಡ್ಡೆಗಳಿವೆ. ಇವುಗಳಲ್ಲಿ ಅಂಜದೀವದಲ್ಲಿ ಹಿಂದೆ ಜನವಸತಿಯಿತ್ತು. ಅಲ್ಲಿಯ ಸಿಹಿನೀರೇ ಅದರ ಭಾಗ್ಯ. ಕಷ್ಟಕ್ಕೂ ಅದೇ ಕಾರಣ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದನು. 1505ರಲ್ಲಿ ಪೋರ್ಚುಗೀಜರು ಕೋಟೆ ಕಟ್ಟಿ, ಮರುವರ್ಷವೇ ಬಿಟ್ಟುಹೋದರು. ಮುಂಬಯಿ ಕೈಗೆ ಬರಲೆಂದು 1662ರಿಂದ ಇಲ್ಲಿ ಕಾದು ಕುಳಿತ ಇಂಗ್ಲಿಷ್ ಸೈನಿಕರಲ್ಲಿ ನೂರಾರು ಮಂದಿ ರೋಗದಿಂದ ಸತ್ತರು. 1682ರಲ್ಲಿ ಸಂಭಾಜಿ ಮಹಾರಾಜರು ಕೋಟೆ ಕಟ್ಟಿಸಲು ಹೊರಟಾಗ ಪೋರ್ಚುಗೀಜರು ಮುಂಚಿತವಾಗಿ ಬಂದು ನೆಲೆಯೂರಿದರು. 1961ರ ಡಿಸೆಂಬರಿನಲ್ಲಿ ನಮ್ಮ ನೌಕಾದಳದ ಏಳು ಮಂದಿ ಪ್ರಾಣ ತೆತ್ತು ಅದನ್ನು ಬಿಡಿಸಿದರು. ಈಗ ಅದು ನೌಕಾದಳದ ವಶದಲ್ಲಿದೆ.

ದ್ವೀಪದ ದೇವಿ ಆರ್ಯಾದುರ್ಗೆ. ಪರಕೀಯರ ಕಾಟಕ್ಕೆ ಬೇಸತ್ತ ಭಕ್ತರು ಅವಳನ್ನು ಅಂಕೋಲೆಗೆ ಕರೆತಂದರೆಂದು ಐತಿಹ್ಯ. ಗುಡಿ ಇಂದಿಗೂ ಅಲ್ಲಿದೆ. ಕೂರ್ಮಗಡಕ್ಕೂ ವರ್ಷಕ್ಕೊಮ್ಮೆ ನರಸಿಂಹನ ಜಾತ್ರೆಗೆಂದು ದೋಣಿಗಳು ಹೋಗುತ್ತವೆ.

ಮನೆಗಳು ಹೋದರೂ ಹೇಳುವವರಿದ್ದುದರಿಂದ ಕಥೆ ಉಳಿಯಿತು. ಹೊಟ್ಟೆಪಾಡಿಗೆ ಪುಣೆಗೆ ಬಂದ ನಾವೂ ಊರಿಗೆ ಹೋದಾಗ ಹಿರಿಯರನ್ನು ಕೇಳಿ, ನಮ್ಮ ನಮ್ಮ ಊರಿನ ಐತಿಹ್ಯಗಳನ್ನು ಬರೆದುತಂದು ಈ ವಾಚನಾಲಯದಲ್ಲಿಡೋಣ. ಇಷ್ಟೇ ನನ್ನ ಬಿನ್ನಹ.